ಯಂತ್ರ ಎಣಿಸಿದ್ದು ಸಾಕು, ಗಂಟೆ ಎಣಿಸಿ: ಡಯಾಲಿಸಿಸ್ ಸಿಬ್ಬಂದಿ ಕುರಿತು ಆರೋಗ್ಯ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು.

ವಿಷಯ: ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಿಗೆ ಬೇಕಾದ ಸಿಬ್ಬಂದಿಯ ಸಂಖ್ಯೆ ನಿಗದಿಪಡಿಸುವ ಕುರಿತು.

ಮಾನ್ಯರೇ,

ಡಯಾಲಿಸಿಸ್ ಘಟಕಕ್ಕೆ ಯಾರೇ ಬರಲಿ, ಶಾಸಕರಿರಲಿ, ಪತ್ರಕರ್ತರಿರಲಿ, ದಾನಿಗಳಿರಲಿ, ಮೊದಲು ಕೇಳುವುದು ‘ಎಷ್ಟು ಯಂತ್ರ ಇವೆ?’ ಎಂದು. ಆಮೇಲೆ ‘ಅದರಲ್ಲಿ ಎಷ್ಟು ಕೆಲಸ ಮಾಡುತ್ತಿವೆ?’ ಎಂದು. ‘ನೀವು ಎಷ್ಟು ಜನ ಇದ್ದೀರಿ?’ ಎಂದು ಕೇಳುವವರು ಅಪರೂಪ. ಕೇಳಿದವರೂ ‘ಎಷ್ಟು ಜನ ಇರಬೇಕು?’ ಎಂಬಲ್ಲಿಗೆ ಹೋಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ತಂತ್ರಜ್ಞನಾಗಿ ಬಹುಕಾಲದಿಂದ ದುಡಿಯುತ್ತಿರುವ ನಾನು ಆ ಕೊನೆಯ ಪ್ರಶ್ನೆಯೊಂದನ್ನೇ ಹಿಡಿದು ತಮಗೆ ಬರೆಯುತ್ತಿದ್ದೇನೆ. ನನ್ನ ಅರಿಕೆ ಇಷ್ಟು: ಸಿಬ್ಬಂದಿಯನ್ನು ಯಂತ್ರಗಳ ಲೆಕ್ಕದಲ್ಲಿ ಮಂಜೂರು ಮಾಡುವುದನ್ನು ಬಿಟ್ಟು ಕೆಲಸದ ಗಂಟೆಗಳ ಲೆಕ್ಕದಲ್ಲಿ ಮಾಡಿ, ಆ ಲೆಕ್ಕವನ್ನು ಟೆಂಡರಿನ ಷರತ್ತಿನಲ್ಲೇ ಬರೆಸಿ.

ಹೆಸರು ಹಾಕದಿರುವುದಕ್ಕೆ ಕ್ಷಮೆಯಿರಲಿ. ನಾನು ಹೊರಗುತ್ತಿಗೆ ನೌಕರ, ಮಾರ್ಚ್ ತಿಂಗಳು ಬಂತೆಂದರೆ ನವೀಕರಣದ ಚಿಂತೆ. ಲೆಕ್ಕಕ್ಕೆ ಹೆಸರಿನ ಅಗತ್ಯವೂ ಇಲ್ಲ, ಯಾರು ಕೂಡಿದರೂ ಉತ್ತರ ಒಂದೇ ಬರುತ್ತದೆ.

2016ರ ಫೆಬ್ರುವರಿ 29ರಂದು ಅಂದಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಬಜೆಟ್ ಭಾಷಣದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದರು. ದೇಶದಲ್ಲಿ ವರ್ಷಕ್ಕೆ ಸುಮಾರು 2.2 ಲಕ್ಷ ಜನರ ಮೂತ್ರಪಿಂಡಗಳು ಪೂರ್ತಿ ಕೈಕೊಡುತ್ತವೆ, ಅದರಿಂದ 3.4 ಕೋಟಿ ಡಯಾಲಿಸಿಸ್‌ಗಳ ಹೆಚ್ಚುವರಿ ಬೇಡಿಕೆ ಹುಟ್ಟುತ್ತದೆ ಎಂದರು. ವಾರಕ್ಕೆ ಮೂರರಂತೆ ವರ್ಷಕ್ಕೆ 156, ಅದನ್ನು 2.2 ಲಕ್ಷದಿಂದ ಗುಣಿಸಿದರೆ ಅವರು ಹೇಳಿದ ಸಂಖ್ಯೆಯೇ ಬರುತ್ತದೆ. ಒಂದು ಡಯಾಲಿಸಿಸ್‌ಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಖರ್ಚು ಎಂಬುದನ್ನೂ ಹೇಳಿ, ಯಂತ್ರದ ಕೆಲವು ಬಿಡಿಭಾಗಗಳ ಮೇಲಿನ ಸುಂಕ ತೆಗೆದರು. ಒಳ್ಳೆಯ ಕೆಲಸ. ಬಿಡಿಭಾಗಗಳಿಗೆ ಸಿಕ್ಕ ಆ ಗಮನ ಅವನ್ನು ನಡೆಸುವವರ ಕಡೆಗೆ ಹರಿಯಲಿಲ್ಲ. ಸಚಿವರು ನಿಲ್ಲಿಸಿದಲ್ಲಿಂದ ಲೆಕ್ಕವನ್ನು ನಾನು ಮುಂದುವರಿಸುತ್ತೇನೆ.

ಡಯಾಲಿಸಿಸ್ ಎಂದರೆ ನಾಲ್ಕು ಗಂಟೆ ಎಂದು ಎಲ್ಲರೂ ತಿಳಿದಿದ್ದಾರೆ. ಅದು ರಕ್ತ ಯಂತ್ರದಲ್ಲಿ ಸುತ್ತುವ ಸಮಯ ಮಾತ್ರ. ಅದಕ್ಕೆ ಮೊದಲು ಯಂತ್ರ ತೊಳೆದು, ರಕ್ತ ಶೋಧಿಸುವ ಡಯಲೈಸರಿಗೂ ರಕ್ತದ ನಳಿಕೆಗಳಿಗೂ ಸಲೈನ್ ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ತಟ್ಟಿ ತಟ್ಟಿ ಹೊರಡಿಸಬೇಕು. ರೋಗಿಯ ತೂಕ ನೋಡಬೇಕು, ಹಿಂದಿನ ಸಲ ಹೋಗುವಾಗ ಎಷ್ಟಿತ್ತು, ಈಗ ಎಷ್ಟಿದೆ, ಇವತ್ತು ಎಷ್ಟು ನೀರು ತೆಗೆಯಬಹುದು ಎಂದು ಲೆಕ್ಕ ಹಾಕಬೇಕು. ಬಿಪಿ ನೋಡಬೇಕು. ತೋಳಿನ ಫಿಸ್ಟುಲಾದ (ಸೂಜಿ ಹಾಕಲೆಂದು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳದ) ಮೇಲೆ ಬೆರಳಿಟ್ಟು ಆ ಝುಮ್ಮೆನ್ನುವ ಕಂಪನ ಇದೆಯೇ ಎಂದು ಪರೀಕ್ಷಿಸಿ, ಎರಡು ದಪ್ಪ ಸೂಜಿಗಳನ್ನು ಹಿಂದಿನ ಸಲ ಚುಚ್ಚಿದ ಜಾಗ ಬಿಟ್ಟು ಚುಚ್ಚಬೇಕು. ನಾಲ್ಕು ಗಂಟೆಯಾದ ಮೇಲೆ ರಕ್ತವನ್ನೆಲ್ಲ ದೇಹಕ್ಕೆ ಮರಳಿಸಿ, ಸೂಜಿ ತೆಗೆದು, ರಕ್ತ ನಿಲ್ಲುವ ತನಕ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಬೇಕು. ಮತ್ತೆ ಬಿಪಿ, ಮತ್ತೆ ತೂಕ. ಯಂತ್ರಕ್ಕೆ ಸೋಂಕು ನಿವಾರಕ ಹಾಯಿಸಿ, ಹಾಸಿಗೆ, ಪಕ್ಕದ ಮೇಜು ಎಲ್ಲ ಒರೆಸಿದ ಮೇಲಷ್ಟೇ ಮುಂದಿನವರನ್ನು ಕರೆಯಬಹುದು. ಡಯಲೈಸರ್ ತೊಳೆದು ಮರುಬಳಸುವುದನ್ನು ಬಿಟ್ಟು ಏಕಬಳಕೆಯ ಕಡೆಗೆ ರಾಜ್ಯ ಹೆಜ್ಜೆ ಹಾಕಿದ್ದರಿಂದ ನಮ್ಮ ಹೊರೆ ಸ್ವಲ್ಪ ಇಳಿದಿದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೂ ಎಲ್ಲ ಸೇರಿ ಒಂದು ಪಾಳಿಗೆ ಐದೂವರೆ ಗಂಟೆ ಹಿಡಿಯುತ್ತದೆ.

ಈಗ ಆರು ಯಂತ್ರಗಳ ಒಂದು ಘಟಕವನ್ನು ತೆಗೆದುಕೊಳ್ಳಿ. ದಿನಕ್ಕೆ ಮೂರು ಪಾಳಿ, ವಾರಕ್ಕೆ ಆರು ದಿನ. ದಿನಕ್ಕೆ 18, ವಾರಕ್ಕೆ 108 ಡಯಾಲಿಸಿಸ್. ವಾರಕ್ಕೆ ಮೂರು ಸಲದಂತೆ 36 ಜನರಿಗೆ ಸಾಕಾಗುವಷ್ಟು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದರೆ ರಾತ್ರಿ ಹತ್ತೂವರೆಗೆ ಮುಚ್ಚಬೇಕು, ಅಂದರೆ ಹದಿನಾರೂವರೆ ಗಂಟೆ. ಮೂರು ಯಂತ್ರಗಳಿಗೆ ಒಬ್ಬ ತರಬೇತಾದ ತಂತ್ರಜ್ಞ ಅಥವಾ ಶುಶ್ರೂಷಕಿ ಇರಬೇಕು ಎಂಬುದು ನಮ್ಮ ದೇಶದಲ್ಲಿ ಒಪ್ಪಿತವಾದ ಅಳತೆ. ಕಚೇರಿಯಲ್ಲಿ ಕುಳಿತವರು ಆರನ್ನು ಮೂರರಿಂದ ಭಾಗಿಸಿ ‘ಇಬ್ಬರು ಸಾಕು’ ಎನ್ನುತ್ತಾರೆ. ಇಬ್ಬರು ಸಾಕು, ನಿಜ. ಆದರೆ ಯಾವ ಹೊತ್ತಿಗೆ ನೋಡಿದರೂ ಇಬ್ಬರು ಇರಬೇಕು. ಹದಿನಾರೂವರೆ ಗಂಟೆಗೆ ಇಬ್ಬರಂತೆ ದಿನಕ್ಕೆ 33, ವಾರಕ್ಕೆ 198 ಗಂಟೆಗಳ ದುಡಿಮೆ ಬೇಕು. ಒಬ್ಬರು ವಾರಕ್ಕೆ ದುಡಿಯುವುದು 48 ಗಂಟೆ. ಭಾಗಿಸಿದರೆ ನಾಲ್ಕಕ್ಕಿಂತ ತುಸು ಹೆಚ್ಚು.

ಅಲ್ಲಿಗೂ ಮುಗಿಯಲಿಲ್ಲ. ವಾರದ ರಜೆ ಕಳೆದರೆ ವರ್ಷದಲ್ಲಿ 313 ದಿನ. ಸಾಂದರ್ಭಿಕ ರಜೆ, ಗಳಿಕೆ ರಜೆ, ಜ್ವರ, ಮನೆಯ ಮದುವೆ, ತರಬೇತಿ ಎಲ್ಲ ಸೇರಿ ಒಬ್ಬರು 45 ದಿನ ಸಿಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ಉಳಿದದ್ದು 268. ಆ ಕೊರತೆಯನ್ನು ತುಂಬಿದರೆ ನಾಲ್ಕು ಚಿಲ್ಲರೆ ಎಂಬುದು ಐದಕ್ಕೆ ಬಂದು ನಿಲ್ಲುತ್ತದೆ. ಕಡತ ಹೇಳುವುದು ಇಬ್ಬರು, ಗಡಿಯಾರ ಹೇಳುವುದು ಐವರು. ನಮ್ಮಂಥ ಘಟಕಗಳಲ್ಲಿ ಸಾಮಾನ್ಯವಾಗಿ ಈ ಎರಡರ ನಡುವೆ ಎಲ್ಲೋ, ಮೂವರು ಇರುತ್ತಾರೆ. ಮೂವರ ದುಡಿಮೆ 144 ಗಂಟೆ. ಒಬ್ಬರು ರಜೆ ಹಾಕಿದ ವಾರ 96, ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ನಮ್ಮಲ್ಲಿ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. 2017ರ ತಿದ್ದುಪಡಿಯಾದ ಮೇಲೆ ಹೆರಿಗೆ ರಜೆ 26 ವಾರ. ಆರು ತಿಂಗಳು ಮೊದಲೇ ಗೊತ್ತಿರುವ ಈ ರಜೆ ಪ್ರತಿ ಸಲವೂ ನಮ್ಮ ಮೇಲಿನವರಿಗೆ ಸಿಡಿಲಿನ ಹಾಗೆ ಎರಗುವುದನ್ನು ನೋಡಿ ನನಗೆ ಸೋಜಿಗ.

ಇದೇ ಅಳತೆಯನ್ನು ಸಚಿವರ 3.4 ಕೋಟಿಗೆ ಹಚ್ಚಿ ನೋಡಿ. ಮೂರು ಯಂತ್ರಕ್ಕೆ ಒಬ್ಬರು ಎಂದಾದರೆ ಅವರ ಐದೂವರೆ ಗಂಟೆಯಲ್ಲಿ ಮೂರನೇ ಒಂದು ಭಾಗ ಒಬ್ಬ ರೋಗಿಯದು, ಅಂದರೆ ಒಂದು ಗಂಟೆ ಐವತ್ತು ನಿಮಿಷ. ಒಬ್ಬ ತಂತ್ರಜ್ಞನ ವರ್ಷದ ದುಡಿಮೆ 268 ದಿನ, ದಿನಕ್ಕೆ ಎಂಟು ಗಂಟೆ. ಆ ಒಂದು ವರ್ಷದ ಹೊಸ ರೋಗಿಗಳಿಗೆಲ್ಲ ಪೂರ್ತಿ ಚಿಕಿತ್ಸೆ ಸಿಗಬೇಕಾದರೆ ಸುಮಾರು 29 ಸಾವಿರ ತಂತ್ರಜ್ಞರು ಬೇಕಾಗುತ್ತಿತ್ತು. ಎಲ್ಲರೂ ಡಯಾಲಿಸಿಸ್ ಮಂಚದ ತನಕ ಬರುವುದಿಲ್ಲ, ಬಂದವರೆಲ್ಲ ವರ್ಷ ದಾಟುವುದಿಲ್ಲ, ಅದು ಬೇರೆ ದುಃಖ. ಹಾಗೆ ನೋಡಿದರೂ ಈ ಸಂಖ್ಯೆಯನ್ನು ಯಾರಾದರೊಬ್ಬರು ಹಾಳೆಯ ಮೇಲೆ ಬರೆದಿಡಬೇಕಿತ್ತು.

ಐವರ ಕೆಲಸವನ್ನು ಮೂವರು ಮಾಡಿದರೆ ಏನಾಗುತ್ತದೆ? ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. 108 ಡಯಾಲಿಸಿಸ್ ಆಗುತ್ತವೆ, ವರದಿ ಹೋಗುತ್ತದೆ. ಆಗುವುದೆಲ್ಲ ಪಾಳಿ ಬದಲಾಗುವ ಒಂದು ಗಂಟೆಯಲ್ಲಿ. ಹನ್ನೊಂದೂವರೆಗೆ ಮೊದಲ ಪಾಳಿಯ ಆರು ಜನ ಏಳಬೇಕು, ಎರಡನೆಯ ಪಾಳಿಯ ಆರು ಜನ ಮಲಗಬೇಕು. ಒಬ್ಬರಿಗೆ ಸೂಜಿ ಹಾಕಿ ಯಂತ್ರಕ್ಕೆ ಜೋಡಿಸುವುದಕ್ಕೆ ಹತ್ತು ಹದಿನೈದು ನಿಮಿಷ. ಒಬ್ಬನೇ ಇದ್ದರೆ ಆರನೆಯವರು ಶುರುವಾಗುವುದು ಒಂದು ಗಂಟೆಗೂ ಹೆಚ್ಚು ತಡವಾಗಿ. ಸಂಜೆ ಅವರ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಮಾತ್ರ ಒಂದು ಗಂಟೆ ತಡವಾಗಿ ಹೊರಡುವುದಿಲ್ಲ. ‘ಅಣ್ಣಾ, ಇವತ್ತು ಅರ್ಧ ಗಂಟೆ ಮೊದಲೇ ತೆಗೆದುಬಿಡಿ’ ಎಂದು ರೋಗಿಯೇ ಕೈ ಮುಗಿಯುತ್ತಾರೆ, ನಾವು ತೆಗೆದುಬಿಡುತ್ತೇವೆ. ಶಕ್ತಿ ಯೋಜನೆಯಿಂದ ಜೊತೆಗೆ ಬರುವ ಹೆಂಡತಿಗೆ ಟಿಕೆಟ್ ಇಲ್ಲ, ರೋಗಿಯಾದ ಗಂಡನಿಗೆ ಇದೆ. ಖಾಸಗಿ ವಾಹನದ ಮಾತಂತೂ ದೂರ. ಪ್ರತಿ ಸಲ ಅರ್ಧ ಗಂಟೆ ಕಡಿತವಾದರೆ ವರ್ಷಕ್ಕೆ 78 ಗಂಟೆ. ನಾಲ್ಕು ಗಂಟೆಯಂತೆ 19 ಡಯಾಲಿಸಿಸ್‌ಗಳು ಪೂರ್ತಿ ತಪ್ಪಿಹೋದ ಹಾಗೆ. ಪುಸ್ತಕದಲ್ಲಿ ಮಾತ್ರ 156ಕ್ಕೆ 156.

ಇನ್ನು ಸುರಕ್ಷತೆಯ ಮಾತು. ಡಯಾಲಿಸಿಸ್ ಕೋಣೆಯೊಳಗೆ ಎಸಿ ಇರುತ್ತದೆ, ರಕ್ತ ದೇಹದ ಹೊರಗೆ ಸುತ್ತುವಾಗ ರೋಗಿಗೆ ಚಳಿಯೂ ಆಗುತ್ತದೆ. ಕಂಬಳಿಯನ್ನು ಕೈಯ ಮೇಲೂ ಎಳೆದುಕೊಂಡು ನಿದ್ದೆ ಹೋಗುತ್ತಾರೆ. ‘ಕೈ ಹೊರಗೆ ಇಡಿ, ಅಜ್ಜಾ’ ಎಂದು ನಾವು ಗದರಿಸುವುದನ್ನು ನೋಡಿ ಹೊಸಬರು ನಮ್ಮನ್ನು ಕಟುಕರು ಎಂದುಕೊಳ್ಳುತ್ತಾರೆ. ಪಂಪು ನಿಮಿಷಕ್ಕೆ 250 ಮಿಲಿಲೀಟರಿನಂತೆ ರಕ್ತವನ್ನು ಹೊರಗೆಳೆದು ಒಳಗೆ ತಳ್ಳುತ್ತಿರುತ್ತದೆ. ಒಳಗೆ ತಳ್ಳುವ ಸೂಜಿ ಜಾರಿ ಹೊರಬಂದರೆ ನಾಲ್ಕು ನಿಮಿಷದಲ್ಲಿ ಒಂದು ಲೀಟರ್ ರಕ್ತ ಕಂಬಳಿಯ ಕೆಳಗೆ ಹರಿದಿರುತ್ತದೆ. ವಯಸ್ಕರ ಮೈಯಲ್ಲಿ ಇರುವುದೇ ಐದು ಲೀಟರಿನ ಆಸುಪಾಸು. ಯಂತ್ರ ಕೂಗಿಕೊಳ್ಳಬೇಕು, ಆದರೆ ಸೂಜಿ ಬಟ್ಟೆಗೆ ಒತ್ತಿಕೊಂಡಿದ್ದರೆ ಒತ್ತಡ ಅಷ್ಟೇನೂ ಇಳಿಯದೆ ಅಲಾರಂ ಬಾರದೆಯೂ ಇರಬಹುದು. ಆಗ ಆ ಕೋಣೆಯಲ್ಲಿ ಉಳಿದಿರುವ ಒಂದೇ ಅಲಾರಂ ಎಂದರೆ ನಡೆದಾಡುತ್ತಿರುವ ಮನುಷ್ಯನ ಕಣ್ಣು.

ಬಿಪಿ ಇಳಿಯುವುದು ಇನ್ನೂ ಸಾಮಾನ್ಯ. ಅದರ ಮೊದಲ ಸುಳಿವು ಎಷ್ಟೋ ಸಲ ಒಂದು ಆಕಳಿಕೆ. ಆಮೇಲೆ ಹಣೆಯ ಮೇಲೆ ಬೆವರು, ಹೊಟ್ಟೆ ತೊಳಸು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು. ಆಕಳಿಕೆಯಲ್ಲೇ ಗುರುತಿಸಿದರೆ ನೀರು ತೆಗೆಯುವುದನ್ನು ನಿಲ್ಲಿಸಿ, ತಲೆಯ ಕಡೆ ತಗ್ಗಿಸಿ, ನೂರಿನ್ನೂರು ಮಿಲಿಲೀಟರ್ ಸಲೈನ್ ಬಿಟ್ಟರೆ ಎರಡು ನಿಮಿಷದಲ್ಲಿ ಸುಧಾರಿಸುತ್ತಾರೆ. ಗುರುತಿಸದಿದ್ದರೆ ಪ್ರಜ್ಞೆ ತಪ್ಪುತ್ತಾರೆ. ಮೂವರನ್ನು ನೋಡಿಕೊಳ್ಳುವವರಿಗೆ ಮೂರನೆಯವರ ಆಕಳಿಕೆ ಕಾಣುತ್ತದೆ. ಆರು ಜನರನ್ನು ನೋಡಿಕೊಳ್ಳುವವರು ಒಬ್ಬರ ಸೂಜಿ ಸರಿಪಡಿಸುತ್ತ ಬೆನ್ನು ಹಾಕಿ ಬಗ್ಗಿರುತ್ತಾರೆ. ಕರೆಂಟು ಹೋಗಿ ಜನರೇಟರ್ ಹಿಡಿಯದಿದ್ದರೆ, ಯಂತ್ರದ ಬ್ಯಾಟರಿಯೂ ಸೋತಿದ್ದರೆ, ಪ್ರತಿ ಯಂತ್ರದ ಪಂಪನ್ನೂ ಕೈಯಿಂದ ತಿರುಗಿಸಿ ರಕ್ತ ಮರಳಿಸಬೇಕು. ಆರು ಪಂಪು, ಒಬ್ಬನಿಗೆ ಎರಡು ಕೈ. ಇದನ್ನು ಮಳೆಗಾಲದಲ್ಲಿ ಮಲೆನಾಡಿನ ಯಾವುದೇ ಘಟಕದವರನ್ನು ಕೇಳಿ ನೋಡಿ.

ಸೋಂಕಿನ ವಿಷಯ ಬಂದರೆ ಮೂರಕ್ಕೆ ಒಂದು ಎಂಬ ಅಳತೆಯೂ ಸಾಲದು. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಯಂತ್ರ, ಬೇರೆ ಕೋಣೆ ಎಂಬುದು ಎಲ್ಲರಿಗೂ ಗೊತ್ತು. ಅವರನ್ನು ನೋಡಿಕೊಳ್ಳುವವರು ಅದೇ ಪಾಳಿಯಲ್ಲಿ ಸೋಂಕಿಲ್ಲದವರನ್ನು ಮುಟ್ಟಬಾರದು ಎಂಬುದು ಅಷ್ಟೇ ಮುಖ್ಯ, ಮೊದಲು ಮರೆತುಹೋಗುವುದೂ ಅದೇ. ಆರು ಯಂತ್ರಗಳಲ್ಲಿ ಒಂದನ್ನು ಇವರಿಗೆಂದು ಬಿಟ್ಟರೆ ಉಳಿದ ಐದಕ್ಕೆ ಇಬ್ಬರು, ಆ ಒಂದಕ್ಕೆ ಒಬ್ಬರು, ಒಟ್ಟು ಮೂವರು ಏಕಕಾಲಕ್ಕೆ ಬೇಕು. ಹೆಪಟೈಟಿಸ್ ಸಿ ಡಯಾಲಿಸಿಸ್ ಘಟಕಗಳಲ್ಲಿ ಹರಡುವುದು ಹೆಚ್ಚಾಗಿ ನಮ್ಮ ಕೈಗಳಿಂದಲೇ. ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಓಡುವವನು ಕೈಗವಸು ಬದಲಿಸಲು ಅರ್ಧ ನಿಮಿಷ ಸಿಗದೆ ಓಡಿದರೆ ತಪ್ಪು ಯಾರದು ಎಂದು ಹೇಳುವುದು ಕಷ್ಟ. ಶಿಸ್ತು ಕ್ರಮದ ನೋಟಿಸು ಯಾರಿಗೆ ಬರುತ್ತದೆ ಎಂಬುದನ್ನು ಮಾತ್ರ ಸುಲಭವಾಗಿ ಹೇಳಬಹುದು.

ಕಣ್ಣಿಗೆ ಕಾಣದ ಕೆಲಸಗಳಲ್ಲಿ ದೊಡ್ಡದು ನೀರಿನದು. ಒಂದು ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ 120 ಲೀಟರ್ ದ್ರಾವಣ ರೋಗಿಯ ರಕ್ತದ ಪಕ್ಕದಲ್ಲೇ ಹರಿದುಹೋಗುತ್ತದೆ, ನಡುವೆ ಇರುವುದು ಒಂದು ತೆಳುವಾದ ಪೊರೆ. ಆರ್‌ಒ ಘಟಕದ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪ್ರತಿ ಪಾಳಿಗೆ ಮೊದಲು ನೋಡಬೇಕು, ಉಳಿದಿದ್ದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನ ಡಯಾಲಿಸಿಸ್ ಕೇಂದ್ರದಲ್ಲಿ ಪಾಚಿಯ ವಿಷ ಸೇರಿದ ನೀರಿನಿಂದ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಈ ಪರೀಕ್ಷೆ ಮಾಡುವುದು ಯಾರು? ಪ್ರತ್ಯೇಕ ಸಿಬ್ಬಂದಿ ಇಲ್ಲದ ಕಡೆ, ಅದೇ ಹೊತ್ತಿಗೆ ಆರು ಯಂತ್ರಗಳಿಗೆ ಸಲೈನ್ ತುಂಬುತ್ತಿರುವವನೇ.

ವೈದ್ಯರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನನ್ನ ಮಟ್ಟ ಮೀರಿದ ಮಾತು. ತಾಲ್ಲೂಕಿಗೊಬ್ಬ ಮೂತ್ರಪಿಂಡ ತಜ್ಞರು ಸಿಗುವುದಿಲ್ಲ ಎಂಬುದು ತಮಗೂ ಗೊತ್ತು, ನಮಗೂ ಗೊತ್ತು. ಬೆಂಗಳೂರಿನ ನೆಫ್ರೋ ಯುರಾಲಜಿ ಸಂಸ್ಥೆ ಮತ್ತು ವೈದ್ಯಕೀಯ ಕಾಲೇಜುಗಳ ತಜ್ಞರು ತಿಂಗಳಿಗೊಮ್ಮೆ, ವಿಡಿಯೊ ಮೂಲಕವಾದರೂ ಸರಿ, ಪ್ರತಿ ರೋಗಿಯ ರಕ್ತ ಪರೀಕ್ಷೆಯ ವರದಿ ನೋಡಿ ಔಷಧ ತಿದ್ದಿದರೆ ಅರ್ಧ ಕಷ್ಟ ನೀಗುತ್ತದೆ. ಪಾಳಿಯಲ್ಲಿರುವ ಎಂಬಿಬಿಎಸ್ ವೈದ್ಯರು ತುರ್ತು ವಿಭಾಗವನ್ನೂ ಹೆರಿಗೆ ವಾರ್ಡನ್ನೂ ನೋಡಿಕೊಂಡು ನಮ್ಮ ಕರೆಗೆ ಓಡಿ ಬರುತ್ತಾರೆ, ಅವರ ಮೇಲೆ ನನ್ನ ದೂರಿಲ್ಲ.

ರಜಾದಿನಗಳ ಬಗ್ಗೆ ಮಾತ್ರ ಹೇಳಲೇಬೇಕು. ಸೋಮವಾರ, ಬುಧವಾರ, ಶುಕ್ರವಾರ ಬರುವ ರೋಗಿಗೆ ಶುಕ್ರವಾರದ ನಂತರ ಶನಿವಾರ ಭಾನುವಾರ ಎರಡು ದಿನ ಬಿಡುವು. ಆ ಎರಡು ದಿನದ ಬಿಡುವಿನ ಮರುದಿನವೇ ಸಾವುಗಳೂ ಹೃದಯದ ತೊಂದರೆಗಳೂ ಹೆಚ್ಚು ಎಂದು 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಇನ್ನು ಸೋಮವಾರ ಹಬ್ಬವೆಂದು ಘಟಕ ಮುಚ್ಚಿದರೆ? ಮಂಗಳವಾರದ ಮಂಚಗಳು ಬೇರೆಯವರಿಂದ ತುಂಬಿರುತ್ತವೆ. ಶುಕ್ರವಾರ ಹೋದವರು ಮತ್ತೆ ಮಲಗುವುದು ಬುಧವಾರ. ಮೂತ್ರ ಬಾರದ ಮೈಯಲ್ಲಿ ಐದು ದಿನದ ನೀರು, ಅದರಲ್ಲಿ ಹಬ್ಬದ ದಿನದ ಪಾಯಸ, ಪಾನಕವೂ ಸೇರಿ. ಯುಗಾದಿಯ ಮರುದಿನ ನಮ್ಮ ತೂಕದ ಯಂತ್ರದ ಮುಂದೆ ನಿಂತರೆ ಯಾರ ಮನೆಯಲ್ಲಿ ಎಷ್ಟು ಜೋರು ಹಬ್ಬ ನಡೆಯಿತು ಎಂದು ಹೇಳಬಹುದು. ಘಟಕ ಹಬ್ಬದಂದೂ ತೆರೆದಿರಬೇಕು ಎಂದು ಆದೇಶ ಹೊರಡಿಸುವುದು ಸುಲಭ. ಇರುವ ಮೂವರಿಗೂ ಮನೆ, ಮಕ್ಕಳು, ಹಬ್ಬ ಇವೆ. ಬದಲಿ ಸಿಬ್ಬಂದಿ ಇಲ್ಲದ ಆದೇಶ ಗೋಡೆಯ ಮೇಲಷ್ಟೇ ಉಳಿಯುತ್ತದೆ.

ಹೀಗೆ ಜನ ಕಡಿಮೆಯಾಗುವುದಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ ಎಂದೇ ನನ್ನ ಭಾವನೆ. ಪಾವತಿಯ ರೀತಿಯೇ ಹಾಗಿದೆ. ರಾಷ್ಟ್ರೀಯ ಕಾರ್ಯಕ್ರಮದ ಖಾಸಗಿ ಸಹಭಾಗಿತ್ವದ ಮಾದರಿಯಲ್ಲಿ ಸರ್ಕಾರ ಜಾಗ, ವಿದ್ಯುತ್, ನೀರು ಕೊಡುತ್ತದೆ. ಯಂತ್ರ, ಆರ್‌ಒ, ಸಾಮಗ್ರಿ ಮತ್ತು ಸಿಬ್ಬಂದಿ ಗುತ್ತಿಗೆದಾರರ ಹೊಣೆ. ಹಣ ಸಂದಾಯವಾಗುವುದು ಡಯಾಲಿಸಿಸ್‌ಗೆ ಇಷ್ಟು ಎಂದು. ಡಯಲೈಸರ್ ಇಲ್ಲದೆ ಡಯಾಲಿಸಿಸ್ ಆಗುವುದಿಲ್ಲ, ಸಲೈನ್ ಇಲ್ಲದೆ ಆಗುವುದಿಲ್ಲ, ಎರಡನೆಯ ತಂತ್ರಜ್ಞ ಇಲ್ಲದೆ ಹೇಗೋ ಆಗಿಬಿಡುತ್ತದೆ. ಕಡಿಮೆ ದರ ನಮೂದಿಸಿದವರಿಗೆ ಟೆಂಡರ್ ಸಿಕ್ಕರೆ ಅವರು ಉಳಿತಾಯವನ್ನು ಎಲ್ಲಿ ಹುಡುಕುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಬಿಲ್ಲು ಬಾಕಿಯಾದರೆ ಮೊದಲು ನಿಲ್ಲುವುದೂ ಸಂಬಳವೇ. ಬಾಕಿ ವೇತನಕ್ಕಾಗಿ ಡಯಾಲಿಸಿಸ್ ಸಿಬ್ಬಂದಿ ಮುಷ್ಕರ ಹೂಡಿದ ಸುದ್ದಿಗಳನ್ನು ತಾವೂ ಪತ್ರಿಕೆಗಳಲ್ಲಿ ಓದಿದ್ದೀರಿ. ರೋಗಿಗಳ ಮುಖ ನೋಡಿಕೊಂಡು ಮುಷ್ಕರ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಆ ಸುದ್ದಿಗಳಲ್ಲಿ ಬರೆದಿರುವುದಿಲ್ಲ. ಇನ್ನು ರೋಟರಿ, ಲಯನ್ಸ್‌ನಂಥ ಸಂಸ್ಥೆಗಳು, ಊರಿನ ಉದಾರಿಗಳು ಯಂತ್ರ ದಾನ ಮಾಡುತ್ತಾರೆ, ಯಂತ್ರದ ಮೇಲೆ ಅವರ ಹೆಸರಿರುತ್ತದೆ, ಅವರಿಗೆ ಪುಣ್ಯ ಬರಲಿ. ಸಂಬಳ ದಾನ ಮಾಡುವವರನ್ನು ನಾನು ಕಂಡಿಲ್ಲ. ತಂತ್ರಜ್ಞನ ಬೆನ್ನ ಮೇಲೆ ಹೆಸರು ಬರೆಸಲು ಜಾಗವಿಲ್ಲವೆಂದೋ ಏನೋ.

ಜನ ಕಡಿಮೆಯಾದಾಗ ಮೊದಲು ಸಾಯುವುದು ಮಾತು. ನಮ್ಮ ಕಡೆ ‘ಎಳನೀರು ಕಿಡ್ನಿಗೆ ಒಳ್ಳೆಯದು’ ಎಂಬ ನಂಬಿಕೆ ಬಲವಾಗಿದೆ. ಆರೋಗ್ಯವಂತರಿಗೆ ಇರಬಹುದು. ಕಿಡ್ನಿ ಪೂರ್ತಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯ ನಿಲ್ಲಿಸಬಲ್ಲದು. ಕಾಯಿಲೆ ಕೇಳಿದ ನೆಂಟರು ನಾಲ್ಕು ಎಳನೀರು ಹಿಡಿದೇ ಬರುತ್ತಾರೆ. ಬೇಳೆ, ಸೊಪ್ಪು ಹೇಗೆ ಬೇಯಿಸಿ ನೀರು ಬಸಿಯಬೇಕು, ದಿನಕ್ಕೆ ಎಷ್ಟು ಲೋಟ ನೀರು, ಮಾವಿನ ಕಾಲದಲ್ಲಿ ನಾಲಿಗೆ ಹೇಗೆ ಕಟ್ಟಬೇಕು, ಇದನ್ನೆಲ್ಲ ಹೇಳಿಕೊಡಲು ಆಹಾರ ತಜ್ಞರು ನಮ್ಮಲ್ಲಿಲ್ಲ. ಹೇಳುವವರು ನಾವೇ, ಸೂಜಿ ಹಾಕುತ್ತ ಹಾಕುತ್ತ. ಓಟದಲ್ಲಿರುವವನು ‘ನೀರು ಕಡಿಮೆ ಕುಡಿಯಿರಿ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಹೆಪಟೈಟಿಸ್ ಬಿ ಲಸಿಕೆಯದೂ ಅದೇ ಕಥೆ. ಡಯಾಲಿಸಿಸ್ ರೋಗಿಗಳಿಗೆ ಇಮ್ಮಡಿ ಪ್ರಮಾಣದಲ್ಲಿ ಸೊನ್ನೆ, ಒಂದು, ಎರಡು, ಆರನೆಯ ತಿಂಗಳು ಎಂದು ನಾಲ್ಕು ಸಲ ಕೊಡಬೇಕು. ಯಾರಿಗೆ ಯಾವಾಗ ಎಂಬ ಪಟ್ಟಿಯನ್ನು ಇಡುವುದಕ್ಕೂ ಒಬ್ಬ ಮನುಷ್ಯ ಬೇಕಲ್ಲ!

ಹಣವೆಲ್ಲಿದೆ ಎಂದು ತಾವು ಕೇಳಬಹುದು. ಆರು ಯಂತ್ರಗಳ ಘಟಕಕ್ಕೆ ಇನ್ನೂ ಇಬ್ಬರನ್ನು ಸೇರಿಸಿದರೆ ಏನಾಗುತ್ತದೆ ನೋಡೋಣ. ಒಬ್ಬರಿಗೆ ತಿಂಗಳಿಗೆ 25,000 ರೂಪಾಯಿ ಎಂದಿಟ್ಟುಕೊಳ್ಳಿ (ನನಗೆ ಅಷ್ಟು ಬರುತ್ತದೆ ಎಂದು ಭಾವಿಸಬೇಡಿ). ಇಬ್ಬರಿಗೆ ವರ್ಷಕ್ಕೆ ಆರು ಲಕ್ಷ. ಘಟಕ ವರ್ಷದಲ್ಲಿ ಮಾಡುವ ಡಯಾಲಿಸಿಸ್ 5,600ರ ಆಸುಪಾಸು. ಒಂದಕ್ಕೆ ಬೀಳುವುದು 107 ರೂಪಾಯಿ. 2016ರಲ್ಲಿ ಸಚಿವರು ಹೇಳಿದ 2,000 ರೂಪಾಯಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಒಬ್ಬ ರೋಗಿ ನೀರು ತುಂಬಿ ಉಸಿರುಗಟ್ಟಿ ಜಿಲ್ಲಾಸ್ಪತ್ರೆಯ ಐಸಿಯು ಸೇರಿದರೆ ಒಂದು ದಿನಕ್ಕೆ ಎಷ್ಟಾಗುತ್ತದೆ ಎಂಬುದು ತಮ್ಮ ಕಡತಗಳಲ್ಲೇ ಇದೆ.

ಜನ ಸಿಗುವುದಿಲ್ಲ ಎಂಬುದು ಎರಡನೆಯ ಮಾತು. ಸಿಗುತ್ತಾರೆ, ನಿಲ್ಲುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಡಯಾಲಿಸಿಸ್ ತಂತ್ರಜ್ಞಾನದ ಪದವಿ ಇದೆ, ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಇದೆ. 2021ರ ಕೇಂದ್ರ ಕಾಯ್ದೆ ನಮ್ಮಂಥವರನ್ನು ಆರೋಗ್ಯ ವೃತ್ತಿಪರರೆಂದು ಗುರುತಿಸಿದೆ. ಕಲಿತ ಹುಡುಗ ಹುಡುಗಿಯರು ತಾಲ್ಲೂಕಿಗೆ ಬರುತ್ತಾರೆ, ನಮ್ಮ ಕೈಕೆಳಗೆ ವರ್ಷ ಕಾಲ ಪಳಗುತ್ತಾರೆ, ಫಿಸ್ಟುಲಾಗೆ ಅಂಜದೆ ಸೂಜಿ ಹಾಕುವಷ್ಟು ಕೈ ಕೂಡಿದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೋ ಕೊಲ್ಲಿ ದೇಶಕ್ಕೋ ಹೊರಡುತ್ತಾರೆ. ತಡೆಯಲು ನನಗೆ ಬಾಯಿ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಂಬಳ ನೋಡುವವರಿಗೆ ಯಾವ ಬಾಯಲ್ಲಿ ‘ಇರಪ್ಪಾ’ ಎನ್ನಲಿ?

ಎಲ್ಲರನ್ನೂ ಯಂತ್ರದ ಮೇಲೇ ಮಲಗಿಸಬೇಕೆಂದೂ ಇಲ್ಲ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಕೇಂದ್ರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಶುಚಿಯಾದ ಒಂದು ಮೂಲೆ, ಕಲಿಯುವ ಮನಸ್ಸಿರುವ ಮನೆಯವರು ಇದ್ದರೆ ಐವತ್ತು ಕಿಲೋಮೀಟರ್ ದೂರದ ರೋಗಿ ವಾರಕ್ಕೆ ಮೂರು ಸಲ ಬಸ್ಸು ಹತ್ತುವುದು ತಪ್ಪುತ್ತದೆ. ಕಲಿಸಿ, ಫೋನಿನಲ್ಲಿ ವಿಚಾರಿಸುತ್ತ ಒಬ್ಬ ಶುಶ್ರೂಷಕಿ ಹಲವರನ್ನು ನಿಭಾಯಿಸಬಹುದು. ಸಿಬ್ಬಂದಿ ಯೋಜನೆಯಲ್ಲಿ ಅವಳ ಹುದ್ದೆಯೂ ಸೇರಲಿ.

ಹಾಗಾಗಿ ಮುಂದಿನ ಟೆಂಡರ್ ಕರೆಯುವ ಮೊದಲು ಪ್ರತಿ ಘಟಕದ ಗಂಟೆಗಳ ಲೆಕ್ಕ ಆಗಬೇಕು, ರಜೆಯ ಪಾಲು ಸೇರಿಸಿ. ಸಿಬ್ಬಂದಿ ವೇತನವನ್ನು ಡಯಾಲಿಸಿಸ್ ದರದಿಂದ ಬೇರ್ಪಡಿಸಿ, ಬಿಲ್ಲು ಬಾಕಿಯಿದ್ದರೂ ತಿಂಗಳಿಗೆ ಸರಿಯಾಗಿ ಕೈ ಸೇರುವಂತೆ ಮಾಡಬೇಕು. ಪ್ರತಿ ಡಯಾಲಿಸಿಸ್ ಹಾಳೆಯ ಮೇಲೆ ಅದನ್ನು ಮಾಡಿದವರ ಹೆಸರಿನ ಜೊತೆಗೆ, ಆ ಹೊತ್ತಿಗೆ ಅವರ ಕೈಕೆಳಗೆ ಎಷ್ಟು ರೋಗಿಗಳಿದ್ದರು ಎಂಬುದೂ ದಾಖಲಾಗಲಿ. ಮೂರು ದಾಟಿದ್ದರೆ ಆ ಹಾಳೆಗೆ ಪೂರ್ತಿ ಹಣ ಸಿಗಬಾರದು. ಈ ಒಂದು ಷರತ್ತು ಹತ್ತು ಸುತ್ತೋಲೆಗಳ ಕೆಲಸ ಮಾಡುತ್ತದೆ. ಜಿಲ್ಲೆಗೆ ಇಬ್ಬರೋ ಮೂವರೋ ಬದಲಿ ತಂತ್ರಜ್ಞರನ್ನು ಜಿಲ್ಲಾಸ್ಪತ್ರೆಯಲ್ಲಿಟ್ಟು, ಹೆರಿಗೆ ರಜೆ, ಹಬ್ಬ, ಕಾಯಿಲೆಯ ಹೊತ್ತಿಗೆ ತಾಲ್ಲೂಕುಗಳಿಗೆ ಪ್ರಯಾಣ ಭತ್ಯೆ ಕೊಟ್ಟು ಕಳಿಸಬಹುದು. ಪಾಳಿಯ ಆರೂ ರೋಗಿಗಳನ್ನು ಒಂದೇ ಗಳಿಗೆಗೆ ಕರೆಯುವ ಬದಲು ಇಪ್ಪತ್ತು ನಿಮಿಷದ ಅಂತರದಲ್ಲಿ ಕರೆಯುವುದಕ್ಕಂತೂ ಕಾಸೂ ಬೇಡ. ಸಾರಿಗೆ ನಿಗಮದವರೊಂದಿಗೆ ಕೂತು ಬಸ್ಸಿನ ವೇಳಾಪಟ್ಟಿ ನೋಡಿದರೆ ಸಾಕು.

ನನ್ನ ಲೆಕ್ಕವನ್ನು ಹಾಗೆಯೇ ನಂಬಿ ಎಂದು ನಾನು ಹೇಳುತ್ತಿಲ್ಲ. ಯಾವುದಾದರೂ ಒಂದು ಜಿಲ್ಲೆಯನ್ನು ಆರಿಸಿಕೊಂಡು, ಅಲ್ಲಿನ ಎಲ್ಲ ಘಟಕಗಳಲ್ಲಿ ಒಂದು ವಾರ ಸಮಯದ ದಾಖಲೆ ಇಡಿಸಿ. ನಮೂನೆಯನ್ನು ನಾನೇ ಗೆರೆ ಎಳೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ: ರೋಗಿ ಬಂದ ಸಮಯ, ಸೂಜಿ ಹಾಕಿದ ಸಮಯ, ತೆಗೆದ ಸಮಯ, ಯಂತ್ರ ಮತ್ತೆ ಸಿದ್ಧವಾದ ಸಮಯ, ಆಗ ಕೋಣೆಯಲ್ಲಿದ್ದ ತರಬೇತಾದ ಸಿಬ್ಬಂದಿ ಎಷ್ಟು, ಯಂತ್ರದ ಮೇಲಿದ್ದ ರೋಗಿಗಳು ಎಷ್ಟು. ತುಂಬುವವರು ಮಾತ್ರ ಆ ವಾರ ಘಟಕದ ತಂತ್ರಜ್ಞರಾಗಿರದೆ ಬೇರೆ ಯಾರಾದರೂ ಆಗಿರಲಿ. ನಮಗೆ ಬರೆಯುವಷ್ಟು ಬಿಡುವಿದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆಯೊಂದರ ಡಯಾಲಿಸಿಸ್ ತಂತ್ರಜ್ಞ

ಲಗತ್ತು: ಸಮಯ ದಾಖಲೆಯ ನಮೂನೆ, ಒಂದು ಹಾಳೆ.